ಇಪ್ಪತ್ತೆರಡನೇ ವಯಸ್ಸಿನ ಕೋಚ್

ನಾಕ್ಸ್‌ವಿಲ್‌ನಲ್ಲಿ ಮೂರು ತಿಂಗಳ ಆನ್‌ಸೈಟ್ ಅಂತ ಮೇಲ್ ಬಂದಾಗ ಆಫೀಸಿನಲ್ಲಿ ಯಾರಿಗೂ ಆ ಊರು ಎಲ್ಲಿದೆ ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಮ್ಮನಿಗೆ "ಅಮೆರಿಕಾನೇ ಅಮ್ಮ, ಆದ್ರೆ ಸಿನಿಮಾದಲ್ಲಿ ತೋರಿಸೋ ಅಮೆರಿಕ ಅಲ್ಲ" ಅಂದೆ. ಟೆನೆಸ್ಸಿ ರಾಜ್ಯ, ಟೆನೆಸ್ಸಿ ನದಿ, ನದಿಯ ಪಕ್ಕದಲ್ಲೇ ಯೂನಿವರ್ಸಿಟಿ ಆಫ್ ಟೆನೆಸ್ಸಿ. ಊರ ತುಂಬ ಕಿತ್ತಳೆ ಬಣ್ಣ. ಟೀ ಶರ್ಟು, ಟೋಪಿ, ಕಾರಿನ ಸ್ಟಿಕ್ಕರು, ಎಲ್ಲದಕ್ಕೂ ಯೂನಿವರ್ಸಿಟಿಯ ಅದೇ ಬಣ್ಣ.

ಮೊದಲ ಶನಿವಾರ ಸುಮ್ನೆ ಸುತ್ತೋಣ ಅಂತ ಹೊರಟಾಗ ಒಂದು ಕಟ್ಟಡದ ಮೇಲೆ ಗುಂಡಗೆ ಏನೋ ಕಾಣಿಸಿತು. ನೀರಿನ ಟ್ಯಾಂಕ್ ಅಂದುಕೊಂಡೆ. ಹತ್ತಿರ ಹೋದರೆ ಬಾಸ್ಕೆಟ್‌ಬಾಲ್! 30 ಅಡಿ ಎತ್ತರ, 10 ಟನ್ ತೂಕ. ಕೆಳಗಿರುವುದು ಮಹಿಳಾ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್, 1999ರಲ್ಲಿ ಶುರುವಾದದ್ದು. ನ್ಯೂಯಾರ್ಕು, ಶಿಕಾಗೋ ಎಲ್ಲಾ ಬಿಟ್ಟು ಇದು ಈ ಊರಿಗೆ ಯಾಕೆ ಬಂತು? ಕೌಂಟರಿನಲ್ಲಿದ್ದ ಅಜ್ಜಿಯನ್ನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು, ಮೈಸೂರಿಗೆ ಬಂದು ದಸರಾ ಯಾಕೆ ಇಲ್ಲಿ ಮಾಡ್ತಾರೆ ಅಂತ ಕೇಳಿದವರನ್ನು ನೋಡಿದ ಹಾಗೆ. ಆಮೇಲೆ "ಪ್ಯಾಟ್" ಅಂದರು. ಅಷ್ಟೇ.

ನಾನೂ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡ್ತಿದ್ದೆ. ಪಾಯಿಂಟ್ ಗಾರ್ಡ್, ಕೊನೆಯ ಎರಡು ವರ್ಷ ಕ್ಯಾಪ್ಟನ್. ಆದರೂ ಪ್ಯಾಟ್ ಸಮಿಟ್ ಅನ್ನೋ ಹೆಸರು ಕೇಳಿರಲಿಲ್ಲ. ಜೋರ್ಡನ್ ಗೊತ್ತಿತ್ತು, ಕೋಬಿ ಗೊತ್ತಿತ್ತು. ಹೆಂಗಸರ ಹೆಸರು ಒಂದೂ ಗೊತ್ತಿರಲಿಲ್ಲ.

ಆ ಸಂಜೆಯಿಂದ ಓದೋಕೆ ಶುರು ಮಾಡಿದೆ.

ಈ ಯೂನಿವರ್ಸಿಟಿಯ ಹುಡುಗಿಯರು 1903ರಲ್ಲೇ ಬಾಸ್ಕೆಟ್‌ಬಾಲ್ ಆಡಿದ್ದರಂತೆ. ಆಮೇಲೆ ತಂಡ ನಿಂತುಹೋಗಿ, ದಶಕಗಳ ನಂತರ ಮತ್ತೆ ಹುಟ್ಟಿತು. ನಮಗೆ ಬೇಕಾದ ಕಥೆ ಶುರುವಾಗೋದು 1974ರಲ್ಲಿ. ಆಗಿನ್ನೂ ಪ್ಯಾಟ್ ಹೆಡ್ ಅನ್ನೋ ಹೆಸರಿನ ಹುಡುಗಿ ಅಸಿಸ್ಟೆಂಟ್ ಆಗಿ ಬಂದಳು. ಜೊತೆಗೆ ಮಾಸ್ಟರ್ಸ್ ಓದಬೇಕು, ಗಾಯವಾದ ಮೊಣಕಾಲು ಸರಿ ಮಾಡಿಕೊಂಡು 1976ರ ಒಲಿಂಪಿಕ್ಸ್ ತಂಡ ಸೇರಬೇಕು ಅನ್ನೋ ಲೆಕ್ಕಾಚಾರ. ಅಷ್ಟರಲ್ಲಿ ಇದ್ದ ಕೋಚ್ ಹೊರಟರು, ತಂಡ ಇವಳ ಕೈಗೆ ಬಂತು. ವಯಸ್ಸು 22. ತಂಡದ ಕೆಲವರು ಇವಳಿಗಿಂತ ಒಂದೇ ವರ್ಷ ಚಿಕ್ಕವರು. ಸಂಬಳ ತಿಂಗಳಿಗೆ 250 ಡಾಲರ್. ಬೇರೆ ಊರಿಗೆ ಮ್ಯಾಚಿಗೆ ಹೋಗುವಾಗ ವ್ಯಾನ್ ಓಡಿಸೋದು ಇವಳೇ, ಬೆವರಿನ ಯೂನಿಫಾರಂ ಒಗೆಯೋದೂ ಇವಳೇ. ಆ ಯೂನಿಫಾರಂ ಕೂಡ ಹಿಂದಿನ ವರ್ಷ ಹುಡುಗಿಯರು ಡೋನಟ್ ಮಾರಿ ಬಂದ ದುಡ್ಡಲ್ಲಿ ತಗೊಂಡಿದ್ದು. ಒಮ್ಮೆ ಎದುರಾಳಿ ಕಾಲೇಜಿನ ಜಿಮ್‌ನಲ್ಲೇ ಮ್ಯಾಟ್ ಹಾಸಿಕೊಂಡು ಇಡೀ ತಂಡ ಮಲಗಿತ್ತಂತೆ. ಮೊದಲ ಮ್ಯಾಚ್ ಮರ್ಸರ್ ಯೂನಿವರ್ಸಿಟಿ ವಿರುದ್ಧ. 84-83ರಲ್ಲಿ ಸೋತರು, ಒಂದೇ ಒಂದು ಪಾಯಿಂಟ್.

ಇಪ್ಪತ್ತೆರಡು ಅನ್ನೋ ಅಂಕಿ ಓದಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮ ಕಾಲೇಜಿನ ಟೀಮು ಅಂದ್ರೆ ಒಂಬತ್ತು ಹುಡುಗಿಯರು, ಎರಡು ಬಾಲು. ಕೋರ್ಟ್ ಹುಡುಗರದ್ದು, ಅವರು ಬಿಟ್ಟ ಮೇಲೆ ನಮ್ಮದು. ಆದರೆ ಅವರು ಬಿಡೋ ಹೊತ್ತಿಗೆ ಹಾಸ್ಟೆಲ್ ಗೇಟ್ ಹಾಕೋ ಸಮಯ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಎದ್ದು ಆಡ್ತಿದ್ವಿ. ಝೋನಲ್ಸ್‌ಗೆ ಹೋದಾಗ ಹುಡುಗರ ಹಳೇ ಜೆರ್ಸಿ ಹಾಕಿಕೊಂಡು, ಸಡಿಲ ಆಗಿದ್ದಕ್ಕೆ ಪಿನ್ ಚುಚ್ಚಿಕೊಂಡು ಆಡಿದ್ವಿ. ಸೋಲ್ತಿದ್ವಿ. ಆದರೂ ಬಸ್ಸಿನಲ್ಲಿ ವಾಪಸ್ ಬರುವಾಗ ಹಾಡ್ತಿದ್ದ ಹಾಗೆ ಆಮೇಲೆ ಯಾವ ಟೀಮ್ ಔಟಿಂಗಿನಲ್ಲೂ ಹಾಡಿಲ್ಲ.

ಕೊನೇ ವರ್ಷ ಪ್ಲೇಸ್‌ಮೆಂಟ್ ಬಂತು. "ಆಡಿದ್ದು ಸಾಕು, ಓದ್ಕೋ" ಅಂದರು ಅಪ್ಪ. ನಾನೂ ಅದನ್ನೇ ಕಾಯ್ತಿದ್ದೆ ಅನ್ಸುತ್ತೆ. ಒಬ್ಬಳು ಜೂನಿಯರ್ ರೂಮಿಗೆ ಬಂದು "ಅಕ್ಕ, ಪಿ.ಡಿ. ಸರ್ ಹತ್ರ ನೀವೊಂದು ಸಲ ಮಾತಾಡಿ. ಈ ವರ್ಷ ಲೇಡೀಸ್ ಟೀಮ್ ಹೆಸರು ಕಳ್ಸಲ್ಲ ಅಂತಿದಾರೆ" ಅಂದಳು. ನಾನು ಲ್ಯಾಪ್‌ಟಾಪಿಂದ ತಲೆ ಎತ್ತದೆ "ನೋಡೋಣ" ಅಂದೆ. ನೋಡಲಿಲ್ಲ. ಮುಂದಿನ ವರ್ಷದಿಂದ ನಮ್ಮ ಕಾಲೇಜಿಗೆ ಹುಡುಗಿಯರ ಟೀಮ್ ಇಲ್ಲ. ಆಗ ನನಗೂ ಇಪ್ಪತ್ತೆರಡೇ.

ಅದೇ ವಯಸ್ಸಿನಲ್ಲಿ ಒಬ್ಬಳು ಯೂನಿಫಾರಂ ಒಗೆದಳು, ಇನ್ನೊಬ್ಬಳು ಎರಡು ಮಾತಾಡೋಕೂ ಎದ್ದು ಹೋಗಲಿಲ್ಲ. ಒಂದು ವಾರ ಇದೇ ಕೊರೆತ. ಆದರೆ ಓದ್ತಾ ಓದ್ತಾ ಕಥೆ ಅಷ್ಟು ಸರಳ ಇಲ್ಲ ಅಂತ ಗೊತ್ತಾಯಿತು.

ಪ್ಯಾಟ್ ಹುಟ್ಟಿದ್ದು ಹಳ್ಳಿಯ ರೈತರ ಮನೆಯಲ್ಲಿ. ಹುಲ್ಲು ಕಟ್ಟೋದು, ಹೊಗೆಸೊಪ್ಪಿನ ಹೊಲದ ಕೆಲಸ, ಎಲ್ಲಾ ಅಣ್ಣಂದಿರ ಸಮಕ್ಕೆ. ಅಪ್ಪ ಮಹಾ ಕಟ್ಟುನಿಟ್ಟಿನ ಮನುಷ್ಯ. ಆದರೆ ಆ ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಇಲ್ಲ ಅಂತ ಗೊತ್ತಾದಾಗ, ಅದೇ ಅಪ್ಪ ತಂಡ ಇರುವ ಶಾಲೆಯ ಕಡೆಗೆ, ಹೆನ್ರಿಯೆಟ್ಟಾ ಅನ್ನೋ ಊರಿಗೆ, ಸಂಸಾರವನ್ನೇ ಸಾಗಿಸಿದರು. ಮಗಳು ಆಡಲಿ ಅಂತ ಮನೆ ಬದಲಿಸಿದ ಅಪ್ಪ!

ಎರಡನೆಯದು ಕಾನೂನು. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಬಂತು. ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನೋದು ಅದರ ಸಾರ. ಇಂಗ್ಲಿಷಿನಲ್ಲಿ ಬರೀ 37 ಪದಗಳ ವಾಕ್ಯ, ಅದರಲ್ಲಿ ಆಟ ಅನ್ನೋ ಮಾತೇ ಇಲ್ಲ. ಆದರೆ ಹುಡುಗಿಯರ ಸ್ಕಾಲರ್‌ಶಿಪ್ಪು, ಕೋರ್ಟು, ಬಸ್ಸು, ಎಲ್ಲಾ ಬಂದದ್ದು ಈ ವಾಕ್ಯದ ಹಿಂದೆ. ಟೆನೆಸ್ಸಿಯಂತೂ ಹೆಂಗಸರ ಆಟಗಳಿಗೇ ಪ್ರತ್ಯೇಕ ವಿಭಾಗ ಮಾಡಿ, ಅದಕ್ಕೆ ಹೆಂಗಸರನ್ನೇ ಡೈರೆಕ್ಟರ್ ಮಾಡಿತು. 1983ರಿಂದ ಸುಮಾರು ಮೂರು ದಶಕ ಜೋನ್ ಕ್ರೋನನ್ ಅದನ್ನು ನಡೆಸಿದರು. ಅಂದ್ರೆ ವ್ಯಾನ್ ಓಡಿಸಿದ ಹುಡುಗಿ ಜೀವನಪೂರ್ತಿ ವ್ಯಾನ್ ಓಡಿಸಬೇಕಾಗಲಿಲ್ಲ.

ಮೂರನೆಯದು ನನಗೆ ಸಿಕ್ಕಿದ್ದು ಪಕ್ಕದ ಓಕ್ ರಿಜ್‌ನಲ್ಲಿ. ನಮ್ಮ ಪ್ರಾಜೆಕ್ಟ್ ಇದ್ದದ್ದೂ ಅಲ್ಲೇ. ಆಗ ಟೆನೆಸ್ಸಿಯ ಹೈಸ್ಕೂಲ್ ಹುಡುಗಿಯರು ಆಡ್ತಿದ್ದದ್ದು ಆರು ಜನರ ಬಾಸ್ಕೆಟ್‌ಬಾಲ್. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಯಾರೂ ಕೋರ್ಟಿನ ನಡುಗೆರೆ ದಾಟುವಂತಿಲ್ಲ. ಪೂರ್ತಿ ಓಡಿದರೆ ಹುಡುಗಿಯರಿಗೆ ಸುಸ್ತಾಗುತ್ತೆ ಅನ್ನೋ ಹಳೇ ನಂಬಿಕೆಯಿಂದ ಹುಟ್ಟಿದ ಆಟ ಇದು. ಪರಿಣಾಮ ಏನು ಗೊತ್ತಾ? ಗಾರ್ಡ್ ಆದವಳು ಇಡೀ ಹೈಸ್ಕೂಲ್ ಮುಗಿಸಿದರೂ ಮ್ಯಾಚಿನಲ್ಲಿ ಒಮ್ಮೆಯೂ ಬುಟ್ಟಿಗೆ ಬಾಲ್ ಹಾಕೋ ಹಾಗಿಲ್ಲ! ಶೂಟ್ ಮಾಡೋಕೆ ಬಿಡದಿದ್ದರೆ ಕಾಲೇಜಿನ ಸ್ಕಾಲರ್‌ಶಿಪ್ ಹೇಗೆ ಸಿಗುತ್ತೆ ಅಂತ ಓಕ್ ರಿಜ್ ಹೈಸ್ಕೂಲಿನ ಒಬ್ಬ ಗಾರ್ಡ್ ಕೋರ್ಟಿಗೇ ಹೋದಳು. 1976ರಲ್ಲಿ ಗೆದ್ದಳು. ಮುಂದಿನ ವರ್ಷ ಮೇಲಿನ ಕೋರ್ಟು ತೀರ್ಪು ತಿರುಗಿಸಿತು. ಆದರೆ ಚರ್ಚೆ ಮುಗಿಯಲಿಲ್ಲ. ಸಮಿಟ್ ಕೂಡ ಆ ನಿಯಮದ ವಿರುದ್ಧ ನಿಂತಿದ್ದರು. 1979ರಲ್ಲಿ ರಾಜ್ಯದ ಶಾಲೆಗಳು ಕೊನೆಗೂ ಐದು ಜನರ ಆಟಕ್ಕೆ ಬಂದವು.

ಇಷ್ಟೆಲ್ಲಾ ಸೇರಿಯೂ ಗೆಲುವು ಬೇಗ ಬರಲಿಲ್ಲ. ಮೊದಲ ಸೀಸನ್‌ನಲ್ಲಿ 16 ಗೆಲುವು, 8 ಸೋಲು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಕೊನೆಯ ಘಟ್ಟಕ್ಕೆ ಮತ್ತೆ ಮತ್ತೆ ಹೋಗಿ ಬರಿಗೈಲಿ ಬಂದರು. ಮೊದಲ ಪಟ್ಟ ಸಿಕ್ಕಿದ್ದು 1987ರಲ್ಲಿ, ಲೂಸಿಯಾನ ಟೆಕ್ ವಿರುದ್ಧ. ಹದಿಮೂರನೇ ಸೀಸನ್! ಆಮೇಲೆ 1989, 1991, ಸತತವಾಗಿ 1996, 97, 98, ಮತ್ತೆ 2007, 2008. ಒಟ್ಟು ಎಂಟು. 1997ರಲ್ಲಿ ಆ ಸೀಸನ್ನಿನಲ್ಲಿ ಹತ್ತು ಮ್ಯಾಚ್ ಸೋತ ತಂಡವೇ ಚಾಂಪಿಯನ್ ಆಯಿತು. ಮರುವರ್ಷ ಆಡಿದ 39 ಮ್ಯಾಚಿನಲ್ಲಿ ಒಂದೂ ಸೋಲಲಿಲ್ಲ. 38 ಸೀಸನ್‌ಗಳಲ್ಲಿ ಸಮಿಟ್ ಅವರ ಲೆಕ್ಕ 1,098 ಗೆಲುವು, 208 ಸೋಲು. ಅವರು ನಿವೃತ್ತರಾದಾಗ ಗಂಡಸರ ತಂಡಗಳ ಕೋಚ್‌ಗಳೂ ಸೇರಿದಂತೆ ಕಾಲೇಜು ಬಾಸ್ಕೆಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಯಾರ ಹೆಸರಲ್ಲೂ ಅಷ್ಟು ಗೆಲುವು ಇರಲಿಲ್ಲ.

ನನಗೆ ಈ ಅಂಕಿಗಳಿಗಿಂತ ಇಷ್ಟವಾದದ್ದು ಅವರ ಕ್ಲಾಸಿನ ನಿಯಮ. ತಂಡದ ಹುಡುಗಿಯರು ಕ್ಲಾಸ್ ತಪ್ಪಿಸುವಂತಿಲ್ಲ, ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಆಡುವ ಅವಧಿ ಪೂರ್ತಿ ಮಾಡಿದ ಪ್ರತಿಯೊಬ್ಬಳೂ ಡಿಗ್ರಿ ತಗೊಂಡೇ ಹೊರಗೆ ಹೋದಳು. "ಆಡಿದ್ದು ಸಾಕು, ಓದ್ಕೋ" ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಕಂಡಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅದು ಅಮೆರಿಕ" ಅಂದರು. ಅದೂ ನಿಜಾನೇ.

2011ರ ಆಗಸ್ಟಿನಲ್ಲಿ ಸಮಿಟ್ ತಮಗೆ ಅಲ್‌ಝೈಮರ್ಸ್ ಶುರುವಾಗಿದೆ ಅಂತ ತಾವೇ ಜನರಿಗೆ ಹೇಳಿದರು. ವಯಸ್ಸು 59. ಸಹಾಯಕರ ಜೊತೆ ಇನ್ನೊಂದು ಸೀಸನ್ ನಡೆಸಿ, 2012ರ ಏಪ್ರಿಲ್‌ನಲ್ಲಿ ಕೆಳಗಿಳಿದರು. ತಂಡವನ್ನು ವಹಿಸಿಕೊಂಡದ್ದು ಹಾಲಿ ವಾರ್ಲಿಕ್, ಒಂದು ಕಾಲದಲ್ಲಿ ಇದೇ ತಂಡದ ಪಾಯಿಂಟ್ ಗಾರ್ಡ್. ಅವರ ನಂತರ ಕೆಲ್ಲಿ ಹಾರ್ಪರ್, 96-98ರ ಆ ಮೂರು ಪಟ್ಟ ಗೆದ್ದ ತಂಡದ ಪಾಯಿಂಟ್ ಗಾರ್ಡ್. 2008ರ ನಂತರ ಪಟ್ಟ ಸಿಕ್ಕಿಲ್ಲ. ಆದರೂ ಕಿತ್ತಳೆ ಅಂಗಿ ಹಾಕಿದ ಪುಟ್ಟ ಹುಡುಗಿಯರು ಈಗಲೂ ಮ್ಯಾಚಿಗೆ ಬರ್ತಾರೆ. ಸಮಿಟ್ 2016ರ ಜೂನ್ 28ರಂದು ತೀರಿಕೊಂಡರು. ಕೊನೆಗೆ ಅವರಿಗೆ ಎಷ್ಟು ನೆನಪಿತ್ತೋ ಏನೋ, ಊರು ಮಾತ್ರ ಒಂದನ್ನೂ ಮರೆತಿಲ್ಲ. 84-83 ಅನ್ನೋ ಆ ಮೊದಲ ಸೋಲೂ ಲೆಕ್ಕದಲ್ಲಿದೆ.

ನಮ್ಮ ಟೀಮಿನ ಒಂದು ಸ್ಕೋರೂ ನನಗೆ ನೆನಪಿಲ್ಲ. ಬರೆದಿಟ್ಟವರೂ ಯಾರೂ ಇಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಹುಡುಗರ ಟೀಮ್ ಫೋಟೋಗಳಿವೆ, ನಮ್ಮದಿಲ್ಲ.

ವಾಪಸ್ ಬರೋ ಹಿಂದಿನ ದಿನ ಥಾಂಪ್ಸನ್ ಬೋಲಿಂಗ್ ಅರೀನಾ ಎದುರಿನ ಪ್ಲಾಝಾಗೆ ಹೋದೆ. ಅಲ್ಲಿ ಸಮಿಟ್ ಅವರ ಕಂಚಿನ ಪ್ರತಿಮೆ ಇದೆ. ಒಂದು ಫೋಟೋ ತೆಗೆದು, ನಾಲ್ಕು ಸಲ ಬರೆದು ಅಳಿಸಿ, ಆ ಜೂನಿಯರ್‌ಗೆ ಕಳಿಸಿದೆ. ಏಳು ವರ್ಷದಿಂದ ನಾವು ಮಾತಾಡಿರಲಿಲ್ಲ. "ಅವತ್ತು ಪಿ.ಡಿ. ಸರ್ ಹತ್ರ ನಾನು ಮಾತಾಡಬೇಕಿತ್ತು. ಸಾರಿ ಕಣೇ" ಅಂತ ಬರೆದೆ.

ಅಲ್ಲಿ ಮಧ್ಯರಾತ್ರಿ ಆಗಿರಬೇಕು. ಆದರೂ ಐದೇ ನಿಮಿಷಕ್ಕೆ ಉತ್ತರ ಬಂತು.

"ಅಯ್ಯೋ ಅಕ್ಕ, ನೀವು ಮಾತಾಡಿದ್ರೂ ಕಳಿಸ್ತಿರಲಿಲ್ಲ ಬಿಡಿ. ಆದ್ರೆ ನೀವು ಬರ್ಲಿಲ್ಲ ಅಂತ ಬೇಜಾರಾಗಿತ್ತು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್: "ಒಂದು ಬಾಲು ಇನ್ನೂ ನಮ್ಮನೇಲೇ ಇದೆ ಅಕ್ಕ. ಕಾಲೇಜು ಬಿಡುವಾಗ ವಾಪಸ್ ಕೇಳೋರೇ ಇರ್ಲಿಲ್ಲ."

ಈಗ ನಾವಿಬ್ಬರೂ ಬೆಂಗಳೂರಿನಲ್ಲೇ ಇದ್ದೀವಿ. ಒಂಬತ್ತು ಜನರ ಹೆಸರು ಒಂದು ಗೂಗಲ್ ಶೀಟಿನಲ್ಲಿ ಹಾಕಿದ್ದೀವಿ. ಯಾವ ವರ್ಷ, ಯಾವ ಊರು, ಯಾರ ವಿರುದ್ಧ ಅಂತ ಒಬ್ಬೊಬ್ಬರಾಗಿ ತುಂಬ್ತಿದ್ದಾರೆ. ಸ್ಕೋರ್ ಕಾಲಮ್ ಇನ್ನೂ ಮುಕ್ಕಾಲು ಖಾಲಿ. ಇದು ಭರ್ತಿಯಾದ ಮೇಲೆ ಪ್ರಿಂಟ್ ತೆಗೆದು ಕಾಲೇಜಿಗೆ ಹೋಗಿ, ಪಿ.ಡಿ. ಸರ್ ಹತ್ರ ಅವತ್ತು ಆಡದೇ ಉಳಿಸಿದ ಮಾತು ಆಡಬೇಕು ಅಂತಿದೆ. ಈ ಸಲ ಜೂನಿಯರ್ ಕೂಡ ಜೊತೆಗೆ ಬರ್ತಾಳಂತೆ. ಬಾಲು ತರ್ತೀನಿ ಅಂದಿದ್ದಾಳೆ, ಗಾಳಿ ತುಂಬಿಸಿ.