ಅಂಗಡಿ ಮುಚ್ಚಿದರೂ ಅನುಭವ ಮುಚ್ಚುವುದಿಲ್ಲ

ಇವತ್ತು ಕಿಗ್ಗದಲ್ಲಿ ಬಸ್ಸಿಗೆ ಕಾಯುವಾಗ ಪರಿಚಯದ ಅಕ್ಕ ಒಬ್ಬರು ಸಿಕ್ಕಿದರು. ವರ್ಷಗಟ್ಟಲೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಶೃಂಗೇರಿ, ಕೊಪ್ಪದ ಅಂಗಡಿಗಳಿಗೆ ಕೊಡುತ್ತಿದ್ದವರು. ವಯಸ್ಸಾಯಿತು, ನಿಲ್ಲಿಸಿದ್ದಾರೆ. "ಈಗ ಯಾರೂ ನನ್ನ ಹತ್ರ ಏನೂ ಕೇಳೂದಿಲ್ಲ ಮಾರಾಯ್ತಿ" ಅಂದರು. ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಸರ್ಕಾರಿ ನೌಕರಿಯವರಿಗೆ ನಿವೃತ್ತರ ಸಂಘವಾದರೂ ಇರುತ್ತದೆ. ವ್ಯಾಪಾರ ನಿಲ್ಲಿಸಿದ ಹೆಂಗಸಿಗೆ? ಗಿರಾಕಿ, ಅಂಗಡಿಯವರು, ಕೆಲಸದವರು, ಎಲ್ಲರ ಒಡನಾಟವೂ ಒಟ್ಟಿಗೇ ತಪ್ಪಿಹೋಗುತ್ತದೆ.

ಬೆಂಗಳೂರಿನಲ್ಲಿ 'ಅವೇಕ್' ಇದೆ, ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘ. 1983ರಲ್ಲಿ ಶುರುವಾದದ್ದು. ಉದ್ಯಮ ನಡೆಸಿದ ಹೆಂಗಸರೇ ಹೊಸದಾಗಿ ಶುರುಮಾಡುವವರಿಗೆ ಸಲಹೆ ಕೊಡುವುದು ಅಲ್ಲಿಯ ಮುಖ್ಯ ಕೆಲಸಗಳಲ್ಲೊಂದು. ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನಗನ್ನಿಸುತ್ತದೆ. ಮಿಡಿ ಯಾವಾಗ ಕೊಳ್ಳಬೇಕು, ಉದ್ರಿ ಎಷ್ಟರವರೆಗೆ ಕೊಡಬಹುದು, ನಮ್ಮ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದಂತೆ ಹೇಗೆ ಕಟ್ಟಬೇಕು, ಬ್ಯಾಂಕಿನವರ ಎದುರು ಹೇಗೆ ಕೂತು ಮಾತಾಡಬೇಕು... ಇದನ್ನೆಲ್ಲ ಯಾವ ತರಬೇತಿಯೂ ಆ ಅಕ್ಕನಷ್ಟು ಚೆನ್ನಾಗಿ ಹೇಳಿಕೊಡಲಾರದು. ಹೇಳಿಕೊಡುವವರಿಗೂ ಲಾಭ ಸಣ್ಣದಲ್ಲ. ಸಮಾನ ಕಷ್ಟ ಕಂಡವರ ಗೆಳೆತನ ಸಿಗುತ್ತದೆ, ತಿಂಗಳಿಗೊಮ್ಮೆಯಾದರೂ ಹೊರಡುವುದಕ್ಕೆ ಒಂದು ಕಾರಣ ಸಿಗುತ್ತದೆ.

ಆದರೆ ಕಿಗ್ಗದಿಂದ ಬೆಂಗಳೂರು ದೂರ. ನಮ್ಮ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳವರು ಇಂಥ ಹಿರಿಯರನ್ನು ಸಭೆಗೆ ಕರೆದು ಕೂರಿಸಿಕೊಂಡರೂ ಸಾಕು. ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಕಡೆ ಯಾರಾದರೂ ಈಗಾಗಲೇ ಹೀಗೆ ಮಾಡುತ್ತಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ಅಕ್ಕನನ್ನು ನಾನೇ ಕರೆದುಕೊಂಡು ಬರುತ್ತೇನೆ.