ಹುಡುಗಿಯ ಸೈಕಲ್ ಯಾರ ಪಾಲು?

ಕಾಂಗೇಯಂನ ಅಕ್ಕಿ ಗಿರಣಿಗಳಲ್ಲಿ ಮಷಿನ್ ರಿಪೇರಿ ನನ್ನ ಕೆಲಸ. ಬೆಳಗ್ಗೆ ಹೊರಟರೆ ಶಾಲೆಯ ಹೆಣ್ಮಕ್ಕಳು ಸಾಲಾಗಿ ಸೈಕಲ್ ತುಳಿದು ಬರುತ್ತಾರೆ. ಇಲ್ಲಿ ಸರಕಾರಿ ಶಾಲೆಯ 11ನೇ ತರಗತಿಯವರಿಗೆ ಸೈಕಲ್ ಉಚಿತ. ಊರಲ್ಲಿ ನಮ್ಮ ಅಂಗಡಿ ಎದುರು ಹಾಗಲ್ಲ: ಹುಡುಗಿ ದೊಡ್ಡವಳಾದಳೋ, ಸೈಕಲ್ ತಮ್ಮನ ಪಾಲು. ಅವಳಿಗೆ ವ್ಯಾನು, ಟ್ಯೂಷನ್, ಮೊಬೈಲ್.

ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ದಣಿಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019ರ ಅದರ ಅಧ್ಯಯನದಂತೆ, ಜಗತ್ತಿನ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 85 ಮಂದಿಗೆ ಅಷ್ಟಿಲ್ಲ. ಮೂಳೆ ಗಟ್ಟಿಯಾಗುವ ವಯಸ್ಸೂ ಇದೇ.

ನನ್ನ ಮಗಳಿಗೀಗ ಹತ್ತು. “ಇನ್ನು ಸೈಕಲ್ ಸಾಕಲ್ವಾ ಮೋನೇ?” ಎಂದರು ಉಮ್ಮ ಫೋನಲ್ಲಿ. “ಇಲ್ಲ ಉಮ್ಮ, ಮಫ್ತಾ ಹಾಕಿಯೇ ತುಳಿಯಲಿ. ಬಟ್ಟೆ ಸಿಕ್ಕಿಕೊಳ್ಳದಂತೆ ಚೈನಿಗೆ ನಾನೇ ಕವರ್ ಹಾಕಿ ಕೊಡುತ್ತೇನೆ” ಎಂದೆ.

ನಿಮ್ಮ ಮನೆಯ ಹುಡುಗಿಯ ಸೈಕಲ್ ಈಗ ಯಾರ ಕೈಲಿದೆ?