ಅಪ್ಪನ ಚಪ್ಪಲಿಯೊಳಗೆ ರಟ್ಟು ಇತ್ತು

ನಾವು ನಾಲ್ವರು ಗೆಳತಿಯರು ಪತ್ರಿಕೋದ್ಯಮ ಓದಿ ವಿಜಯಪುರದ ಜಲನಗರದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೇವೆ. ಇಬ್ಬರ ಊರು ತಿಕೋಟಾ ಕಡೆ, ಇಬ್ಬರದು ಬಬಲೇಶ್ವರ ಕಡೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನೋಡಲು ನಮ್ಮಲ್ಲೊಬ್ಬಳ ಅಪ್ಪ ಬಂದಿದ್ದರು. ಅವರ ಕಾಲಲ್ಲಿದ್ದ ಚಪ್ಪಲಿ ಸವೆದು ಕಾಗದದಂತಾಗಿತ್ತು. ನಾಲ್ವರೂ ದುಡ್ಡು ಕೂಡಿಸಿ ಅವರಿಗೆ ಕೊಲ್ಹಾಪುರಿ ಜೋಡು ಕೊಡಿಸಿದೆವು.

ಅಂಗಡಿಯವನು ‘ಅಸಲಿ ತೊಗಲ ಐತ್ರಿ’ ಎಂದ. 750 ರೂಪಾಯಿ ಹೇಳಿದ್ದನ್ನು ಜಗ್ಗಾಡಿ 500ಕ್ಕೆ ಇಳಿಸಿದೆವು. ಗೆದ್ದೆವೆಂದು ಆವತ್ತು ಚಹಾ ಕುಡಿದು ಸಂಭ್ರಮಪಟ್ಟಿದ್ದೂ ಉಂಟು.

ಒಂದೂವರೆ ತಿಂಗಳಿಗೆ ಮೇಲಿನ ಪಟ್ಟಿ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿಯತೊಡಗಿತು. ಸುಲಿದ ಅಂಚು ಗಟ್ಟಿಯಾಗಿ ಹೆಬ್ಬೆರಳ ಸಂದಿಯಲ್ಲಿ ಉಜ್ಜುತ್ತಿತ್ತು. ಅಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಕಡಿಮೆ, ನೋವು ಗೊತ್ತಾಗಲಿಲ್ಲ. ಪಡಸಾಲೆಯ ಕಲ್ಲಿನ ಮೇಲೆ ಕೆಂಪು ಕಲೆ ಕಂಡು ಅವ್ವ ಚೀರಿದಾಗಲೇ ಗಾಯ ಆಗಿದ್ದು ತಿಳಿದದ್ದು. ಮಾಯಲು ಎರಡು ತಿಂಗಳು ಹಿಡಿಯಿತು. ದ್ರಾಕ್ಷಿ ಬಳ್ಳಿ ಸವರುವ ಹೊತ್ತಿನಲ್ಲಿ ಅಪ್ಪ ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

ಆ ಚಪ್ಪಲಿಯನ್ನು ನಮ್ಮ ಖೋಲಿಯ ಓಣಿ ತಿರುವಿನಲ್ಲಿ ಕೂರುವ ಚಮ್ಮಾರ ಕಾಕಾನ ಹತ್ತಿರ ಒಯ್ದೆವು. ಅವರು ಏನೂ ಕೇಳದೆ ರಂಪಿಗೆಯಿಂದ ಅಟ್ಟೆಯ ಅಂಚು ಸೀಳಿ ನಮ್ಮ ಮುಂದೆ ಹಿಡಿದರು.

‘ಇದು ತೊಗಲಲ್ಲ ಯವ್ವಾ, ರಟ್ಟು. ಮ್ಯಾಲ ರೆಕ್ಸಿನ್, ಅದರ ಹಿಂದ ಅರಿವಿ. ಕೊಳ್ಳೂ ಮುಂದ ನನಗ ಒಂದ ಮಾತು ಕೇಳಬೇಕಿಲ್ಲ?’

ಎರಡು ವರ್ಷದಿಂದ ದಿನಾ ಅವರ ಮುಂದೆಯೇ ಓಡಾಡುತ್ತಿದ್ದೇವೆ. ಕೇಳಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಕೊನೆಗೆ ಆವತ್ತು ಕೂತು ಕೇಳಿದೆವು. ಕಲಿತದ್ದನ್ನು ನಿಮಗೂ ಹೇಳುತ್ತೇವೆ.

ಮೊದಲು ಕತ್ತರಿಸಿದ ಅಂಚು ನೋಡಿ. ತೊಗಲಿನ ಅಂಚಿನಲ್ಲಿ ಸಣ್ಣ ಸಣ್ಣ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ರೆಕ್ಸಿನ್ ಆದರೆ ಮೇಲೊಂದು ಪ್ಲಾಸ್ಟಿಕ್ ಪದರ, ಕೆಳಗೆ ಬಟ್ಟೆ, ಎರಡೂ ಬೇರೆ ಬೇರೆ ಕಾಣುತ್ತವೆ. ಅಂಚು ಮಡಚಿ ಹೊಲಿದಿದ್ದರೆ ಒಳಬದಿ ನೋಡಿ, ಎಲ್ಲಾದರೂ ಒಂದು ಕಡೆ ಬಿಚ್ಚಿಕೊಂಡಿರುತ್ತದೆ.

ಆಮೇಲೆ ಮೇಲ್ಮೈ. ದನ, ಎಮ್ಮೆ, ಆಡಿನ ಚರ್ಮದಲ್ಲಿ ಕೂದಲಿದ್ದ ರಂಧ್ರಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಮುಳ್ಳು ಗೀರಿದ ಕಲೆಯೂ ಇರಬಹುದು. ಒಂದೇ ಗೆರೆ, ಒಂದೇ ಚುಕ್ಕೆ ಸಾಲಾಗಿ ಮರುಕಳಿಸಿದರೆ ಅದು ಅಚ್ಚು ಒತ್ತಿದ್ದು. ಆದರೆ ಅಸಲಿ ತೊಗಲಿನ ಮೇಲೂ ಅಚ್ಚು ಒತ್ತುವುದುಂಟು. ಹಾಗಾಗಿ ಬೆರಳಿನಿಂದ ಒತ್ತಿಯೂ ನೋಡಿ. ತೊಗಲು ಒತ್ತಿದಲ್ಲಿ ನಿರಿಗೆ ಬೀಳುತ್ತದೆ, ರೆಕ್ಸಿನ್ ಬರೀ ತಗ್ಗಾಗುತ್ತದೆ.

ಒಂದು ಹನಿ ನೀರು ಇಟ್ಟು ನೋಡಬಹುದು. ಬಣ್ಣ ಹಚ್ಚದ ತೊಗಲು ನೀರು ಕುಡಿದು ಅಲ್ಲಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಮೇಲೆ ಹನಿ ಜಾರುತ್ತದೆ. ಪಾಲಿಶ್ ಮಾಡಿದ ತೊಗಲಿನ ಮೇಲೂ ಜಾರಬಹುದು, ಇದೊಂದನ್ನೇ ನಂಬಬೇಡಿ. ವಾಸನೆಯನ್ನೂ ಅಷ್ಟೇ, ಈಗ ಅದನ್ನು ಬಾಟಲಿಯಿಂದ ಹೊಡೆಯುತ್ತಾರೆ. ಮೊಬೈಲ್ ವಿಡಿಯೊಗಳಲ್ಲಿ ಬೆಂಕಿ ತಾಗಿಸಿ ತೋರಿಸುತ್ತಾರೆ. ಸುಟ್ಟ ತೊಗಲು ಕೂದಲು ಸುಟ್ಟಂತೆ ನಾರುತ್ತದೆ, ಪ್ಲಾಸ್ಟಿಕ್ ಕರಗಿ ಗುಂಡಗಾಗುತ್ತದೆ, ನಿಜ. ಆದರೆ ಕೊಳ್ಳದ ಮಾಲಿಗೆ ಕಡ್ಡಿ ಗೀರಲು ಯಾವ ಅಂಗಡಿಯವನು ಬಿಟ್ಟಾನು?

‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ಇದ್ದರೆ ಉತ್ತಮ ಮಾಲು ಎಂದೇನಲ್ಲ. ಮೇಲಿನ ಗಟ್ಟಿ ಪದರ ತೆಗೆದ ಮೇಲೆ ಉಳಿದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪಿಸಿದ್ದೂ ಆ ಹೆಸರಲ್ಲೇ ಬರುತ್ತದೆ. ‘ಬಾಂಡೆಡ್’ ಎಂದರೆ ತೊಗಲಿನ ಚೂರುಪಾರು ಅರೆದು ಅಂಟು ಹಾಕಿ ಹಾಳೆ ಮಾಡಿದ್ದು. ಬೆಲ್ಟು, ಪಾಕೀಟು ಆರು ತಿಂಗಳಿಗೆ ಪುಡಿ ಉದುರುವುದು ಇಂಥದ್ದರಿಂದಲೇ.

ಕೊಲ್ಹಾಪುರಿ ಜೋಡಿಗೆ ಇನ್ನೂ ಒಂದು ಗುರುತಿದೆ. ಅದರ ಅಟ್ಟೆಯನ್ನು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ, ಮೊಳೆ ಹೊಡೆಯುವುದಿಲ್ಲ. ಅಟ್ಟೆಗೆ ಹೆಚ್ಚಾಗಿ ಎಮ್ಮೆಯ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೊಗಲು. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದು, ಜಾಲಿ ತೊಗಟೆ, ಅಳಲೆಕಾಯಿಯ ನೀರಲ್ಲಿ ಹದ ಮಾಡಿದ ತೊಗಲು ಅದು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹಾಗೆ ಹದವಾದ ತೊಗಲು ಕತ್ತರಿಸಿದಾಗ ಒಳಗೂ ಕಂದಾಗಿಯೇ ಇರುತ್ತದೆ.

ಹೆಸರು ಕೊಲ್ಹಾಪುರದ್ದಾದರೂ ಈ ಕಸುಬು ನಮ್ಮದೂ ಹೌದು. ತಿಕೋಟಾ ದಾಟಿ ಹೋದರೆ ಸಿಗುವ ಅಥಣಿ, ಅತ್ತ ನಿಪ್ಪಾಣಿ ಕಡೆಯ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಕೂತು ಮಾಡುತ್ತಾರೆ. ಹೆಣಿಗೆ ಕೆಲಸ ಬಹುಪಾಲು ಹೆಣ್ಣುಮಕ್ಕಳದು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿ ಪ್ರದರ್ಶಿಸಿತು. ಮೂಲ ಹೇಳಲಿಲ್ಲವೆಂದು ಗದ್ದಲವಾದ ಮೇಲೆ, ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು.

ಆ ಸುದ್ದಿಯನ್ನು ನಾವೂ ಸಿಟ್ಟಿನಿಂದ ಹಂಚಿಕೊಂಡಿದ್ದೆವು. ಕಾಕಾನಿಗೆ ಅದನ್ನು ಹೇಳಿದಾಗ ಅವರು ನಕ್ಕರು. ಅವರ ಪೆಟ್ಟಿಗೆಯ ಒಳಮೈಗೆ ಶರಣ ಹರಳಯ್ಯ, ಕಲ್ಯಾಣಮ್ಮನವರ ಚಿತ್ರ ಅಂಟಿಸಿದೆ.

‘ನಮ್ಮ ಬೀಗರು ಅಥಣಿ ಕಡೆ ಮಾಡ್ತಾರ. ಅವರ ಹುಡುಗರು ಬಿಟ್ಟು ಬ್ಯಾರೆ ಕೆಲಸಕ್ಕ ಹೊಂಟಾರ. ನೀವು 500ಕ್ಕ ಕೊಡು ಅಂದ್ರ ನಿಮಗ ರಟ್ಟ ಸಿಗತೈತಿ. ಕೈಲೆ ಮಾಡಾಂವ ಆ ರೊಕ್ಕಕ್ಕ ಹ್ಯಾಂಗ ಕೊಟ್ಟಾನು? ಮತ್ತ ನಾವು ತೊಗಲ ಮುಟ್ಟಿದವರು ಅಂತ ನೀರೂ ದೂರದಿಂದ ಕೊಡೋ ಮಂದಿ ಐತಿ ಇನ್ನೂ.’

ನಮ್ಮ ಊರುಗಳಲ್ಲಿ ಹಾಗೆ ಕೊಡುವುದನ್ನು ನಾವೂ ನೋಡಿದ್ದೇವೆ. ಬರೆದಿರಲಿಲ್ಲ.

ಅಪ್ಪನಿಗೆ ಈ ಸಲ ಅಸಲಿ ಜೋಡು ತರೋಣವೆಂದು ಡಾಕ್ಟರನ್ನು ಕೇಳಿದೆವು. ಅವರು ಬೇಡ ಎಂದರು. ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದವರಿಗೆ ಬೆರಳ ಸಂದಿಯಲ್ಲಿ ಪಟ್ಟಿ ಬರುವ ಚಪ್ಪಲಿ ಯಾವುದೂ ಒಳ್ಳೆಯದಲ್ಲ, ಎಷ್ಟೇ ಒಳ್ಳೆಯ ತೊಗಲಿನದಾದರೂ. ಮೆತ್ತನೆಯ ಎಂಸಿಆರ್ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಬರೆದುಕೊಟ್ಟರು. ಅಪ್ಪನಿಗೆ ಅದು ಸೇರಿಲ್ಲ. ‘ದವಾಖಾನಿ ಚಪ್ಪಲ’ ಎಂದು ಬೈಯುತ್ತಲೇ ಹಾಕಿಕೊಳ್ಳುತ್ತಾರೆ.

ಕಾಕಾನ ಬೀಗರಿಂದ ಅವ್ವನಿಗೆ ಒಂದು ಜೋಡು ಮಾಡಿಸಿದೆವು. ಹೇಳಿದಷ್ಟು ದುಡ್ಡು ಕೊಟ್ಟೆವು. ಮೊದಲ ವಾರ ಅದೂ ಕಚ್ಚಿತು. ಕಾಕಾ ಹೇಳಿದಂತೆ ಒಳಬದಿಗೆ ಎಣ್ಣೆ ಸವರಿ ಎರಡು ದಿನ ಇಟ್ಟ ಮೇಲೆ ಪಳಗಿತು. ಮಳೆಯಲ್ಲಿ ತೊಯ್ಸಬೇಡಿ, ತೊಯ್ದರೆ ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ.

ಅವ್ವ ಈಗ ದಿನಾ ಮಲಗುವ ಮೊದಲು ಅಪ್ಪನ ಕಾಲು ಹಿಡಿದು, ದೀಪದ ಬೆಳಕಿಗೆ ಬೆರಳ ಸಂದಿ ಒಂದೊಂದೂ ಬಿಡಿಸಿ ನೋಡುತ್ತಾಳೆ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇದ್ದರೆ ಇವತ್ತು ರಾತ್ರಿ ಒಮ್ಮೆ ನೋಡಿ.